ಆ ಮನೆಯ ನೀರು

ಗೋಣೆಪ್ಪ ಆ ಹುಡುಗಿಯ ಕೂದಲು ಹಿಡಿದು ತಲೆಯನ್ನು ಗೋಡೆಗೆ ಗುದ್ದಿದ್ದನ್ನು ನಾವು ಮೂವರು ಸವಣೂರಿನ ನಮ್ಮ ಪಡಸಾಲೆಯಲ್ಲಿ ಕುಳಿತು ಟಿವಿಯಲ್ಲಿ ನೋಡಿದೆವು. ಅವಳು ಇದ್ದದ್ದು ಚಿಕ್ಕಮಗಳೂರಿನ ಆಚೆ ಯಾವುದೋ ಬೆಟ್ಟದ ಮೇಲೆ. ಅವಳನ್ನು ಆ ಹಿತ್ತಲಿಗೆ ಕಳಿಸಿದ್ದು ನನ್ನ ಮಾತು.

ನನ್ನ ಮಗ ರುದ್ರೇಶ ಎಲೆ ವ್ಯಾಪಾರಿ. ಅವನೂ ಪಕ್ಕದ ಮನೆಯ, ಸವಣೂರಿನ ಕುರುಕಲು ತಿಂಡಿ ಖಾರದ ಅಂಗಡಿಯ ದಿಲಾವರನೂ ಸೇರಿ ಬೆಟ್ಟದ ಮೇಲೊಂದು ಮನೆ ಕೊಂಡು ಪ್ರವಾಸಿಗರಿಗೆ ಬಾಡಿಗೆಗೆ ಬಿಡುವ ಯೋಚನೆಯಲ್ಲಿದ್ದರು. ವೀಳ್ಯದೆಲೆ ಯಾರಿಗೂ ಕಾಯುವುದಿಲ್ಲ. ಅಂಗಡಿ ಬಿಟ್ಟು ಹೋಗಲು ಇಬ್ಬರಿಗೂ ಬಿಡುವಿಲ್ಲ. ಹೀಗಾಗಿ ಮನೆಗಳನ್ನೆಲ್ಲ ಫೋನಿನಲ್ಲೇ ನೋಡುತ್ತಿದ್ದರು. ಚಿತ್ರದ ನೆಲದ ಮೇಲಿರುವ ಬಿಳಿ ಉಂಗುರ ಒತ್ತಿದರೆ ನಾವೇ ಹೆಜ್ಜೆ ಇಟ್ಟಂತೆ ಮನೆ ಮುಂದಕ್ಕೆ ಸರಿಯುತ್ತದೆ. ಗಾಜಿನ ಗೋಡೆಯ ಈ ಮನೆ ಇಬ್ಬರಿಗೂ ಹಿಡಿಸಿತ್ತು. ಆ ಮಧ್ಯಾಹ್ನ ಮನೆ ಮಾರಿಸುವ ಕಂಪನಿಯ ಹುಡುಗಿ ಶಾಕೀರಾ ಕೋಲಿನ ತುದಿಗೆ ಫೋನು ಸಿಕ್ಕಿಸಿಕೊಂಡು ವಿಡಿಯೋದಲ್ಲಿ ನೇರವಾಗಿ ತೋರಿಸಲು ಆ ಮನೆಗೆ ಹೋಗಿದ್ದಳು. ಅದನ್ನು ನಾವು ಟಿವಿಗೆ ಹಾಕಿಕೊಂಡಿದ್ದೆವು. ಕಾವಲುಗಾರ ಗೋಣೆಪ್ಪ ಗೇಟು ತೆರೆದು ಫೋನಿನ ಕಡೆಗೂ ಕೈ ಮುಗಿದ. ಮೆಟ್ಟಿಲು ಬಂದಾಗ ಶಾಕೀರಾ, "ನಿಧಾನಕ್ಕೆ ಹತ್ತುತ್ತೀನಿ ಅಮ್ಮ, ಇಲ್ಲಾಂದ್ರೆ ನಿಮಗೆ ತಲೆ ಸುತ್ತುತ್ತೆ" ಎಂದಳು. ಹತ್ತುತ್ತಿದ್ದವಳು ಅವಳು, ಕಾಳಜಿ ಮಾತ್ರ ನನ್ನ ಬಗ್ಗೆ.

ಎಲ್ಲ ನೋಡಿಯಾದ ಮೇಲೆ ರುದ್ರೇಶ ನನ್ನ ಕಡೆ ತಿರುಗಿದ. "ಏನಂತಿ ಅವ್ವಾ? ಹೂಂ ಅಂದ್ಬಿಡ್ಲೇನು?"

"ನೀರ ಕುಡೀದ ಹ್ಯಾಂಗ ಹೂಂ ಅನ್ನೂದೋ?"

ನಮ್ಮ ಮನೆತನದಲ್ಲಿ ಹಾಗೆ. ಹೆಣ್ಣು ಕೊಡುವುದಿರಲಿ, ಮನೆ ಕೊಳ್ಳುವುದಿರಲಿ, ಆ ಮನೆಯ ನೀರನ್ನು ಒಂದು ಗುಟುಕಾದರೂ ಕುಡಿದೇ ಮಾತು ಕೊಡುವುದು.

"ಟಿವಿಯೊಳಗ ಕೈ ಹಾಕಿ ಚರಗಿ ತಗೋತೀರೇನ್ರಿ ಕಾಕಿ?" ದಿಲಾವರ ನಕ್ಕ.

"ನೀ ಸುಮ್ನ ಖಾರಾ ತಿನ್ನಪಾ. ನಿನ್ನ ಖಾರಾ ತಿಂದಾರಿಗೇ ನೀರಿನ ಬೆಲಿ ಗೊತ್ತು."

ಅತ್ತ ಶಾಕೀರಾಳೂ ನಕ್ಕಳು. "ನಿಮ್ಮ ಬದಲು ನಾನು ಕುಡೀತೀನಿ ಬಿಡಿ ಅಮ್ಮ."

ಅಡುಗೆಮನೆಯ ನಲ್ಲಿ ಬರೀ ಗಾಳಿ ಉಗುಳಿತು. ಅವಳ ಚೀಲದಲ್ಲಿ ಬಾಟಲಿ ಇತ್ತು. "ಇದು ಈ ಮನೇದಲ್ವಲ್ಲ" ಎಂದು ತಾನೇ ಹೇಳಿಕೊಂಡು ಹಿತ್ತಲಿಗೆ ನಡೆದಳು.

ಮೂಲೆಯಲ್ಲಿ ತಗಡು ಹೊದಿಸಿದ ಕೋಣೆಯೊಂದಿತ್ತು. ನಾವು ನೋಡಿದ ಚಿತ್ರಗಳಲ್ಲಿ ಅದು ಇರಲಿಲ್ಲ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ತಂತಿ ಸುತ್ತಿದ್ದರು. ಆದರೂ ಒಳಗೆ ಪಾತ್ರೆಯ ಸದ್ದು ಕೇಳಿತು.

"ಯಾರಾದ್ರೂ ಇದ್ದೀರಾ? ಸ್ವಲ್ಪ ನೀರು ಬೇಕಿತ್ತು."

ಒಳಗಿನಿಂದ ಹೆಂಗಸಿನ ದನಿ ಬಂತು. "ನೀರ ಐತ್ರಿ. ಬಾಗಲಾ ತಗೀರಿ. ಅಂವಾ ಬರೂದ್ರಾಗ ಲಗೂನ ತಗೀರಿ."

ನಮ್ಮ ಕಡೆಯ ಮಾತು! ದಿಲಾವರನ ಕೈಯಲ್ಲಿದ್ದ ಖಾರ ಬಾಯಿಗೆ ಹೋಗಲಿಲ್ಲ.

ಶಾಕೀರಾ ತಂತಿ ಬಿಚ್ಚಿದಳು. ಬಾಗಿಲಲ್ಲಿ ನಿಂತವಳ ಒಂದು ಕಣ್ಣು ಬಾತು ಮುಚ್ಚಿಹೋಗಿತ್ತು, ತುಟಿ ಸೀಳಿತ್ತು, ಕುತ್ತಿಗೆಯ ಮೇಲೆ ಬೆರಳುಗಳ ಕಪ್ಪು ಗುರುತು. ಅಂಥ ಸ್ಥಿತಿಯಲ್ಲೂ ಅವಳು ಮೊದಲು ನೀರಿನ ಚರಿಗೆಯನ್ನು ಮುಂದೆ ಚಾಚಿದಳು. ಕೇಳಿದವರಿಗೆ ನೀರು ಕೊಡಬೇಕಲ್ಲ.

ಅಷ್ಟರಲ್ಲಿ ಗೋಣೆಪ್ಪ ಬಂದ.

ಚರಿಗೆ ಹಾರಿತು. ಫೋನು ಬಿದ್ದು ಬಟ್ಟೆ ಒಗೆಯುವ ಕಲ್ಲಿಗೆ ಒರಗಿ ನಿಂತಿತು, ಜಗತ್ತು ಓರೆಯಾಯಿತು. "ನನ್ನ ಮನಿ ಬಾಗಲಾ ತಗ್ಯಾಕ ನೀ ಯಾರಬೇ?" ಎಂದು ಶಾಕೀರಾಳ ತಲೆಯನ್ನು ಗೋಡೆಗೆ ಗುದ್ದಿದ. ಸುಣ್ಣದ ಮೇಲೆ ಕೆಂಪು ಮೂಡಿತು. ಅದೇ ಜಾಗಕ್ಕೆ ಮತ್ತೆ ಗುದ್ದಿದ. ಕೋಣೆಯಲ್ಲಿದ್ದವಳು ಅವನ ಹೆಂಡತಿ, ಓಡಿಬಂದು ಅವನ ಕಾಲು ಹಿಡಿದಳು. "ದಾನೀ, ಇವತ್ತ ನಿನ್ನ ಹೆಣಾನ ಹೊರಗ ಬರೂದು" ಎಂದು ಅವಳ ಹೊಟ್ಟೆಗೆ ಒದ್ದು, ಸೌದೆಯ ರಾಶಿಯಿಂದ ಕೊರಡೊಂದನ್ನು ಎಳೆದುಕೊಂಡ. ಬೆನ್ನ ಮೇಲೆ ಏಟು ಬಿದ್ದ ಶಬ್ದ ನಮ್ಮ ಟಿವಿಯ ಪೆಟ್ಟಿಗೆಯಿಂದ ಬಂತು, ತೋಯ್ದ ಗೋಣಿಚೀಲ ಬಡಿದಂತೆ.

ದಿಲಾವರ ಆಗಲೇ ಪೊಲೀಸರಿಗೆ ಫೋನು ಹಚ್ಚಿದ್ದ. "ಎಲ್ಲಿ ಅಂತ ಕೇಳಾಕತ್ತಾರ! ಎಲ್ಲಿ ಅಂತ ಹೇಳ್ಲಿ?"

ಯಾರಿಗೂ ಗೊತ್ತಿರಲಿಲ್ಲ. ಮುಂಗಡ ಕೊಡುವವರೆಗೆ ಕಂಪನಿಯವರು ವಿಳಾಸ ಹೇಳುವುದಿಲ್ಲ. ಆ ಮನೆಯ ಬಚ್ಚಲಿನ ಹಾಸುಗಲ್ಲಿನ ಬಣ್ಣ ನಮಗೆ ಗೊತ್ತಿತ್ತು, ಊರು ಗೊತ್ತಿರಲಿಲ್ಲ. ಕಂಪನಿಯ ಫೋನನ್ನು ಯಾರೂ ಎತ್ತಲಿಲ್ಲ.

ರುದ್ರೇಶ ತನ್ನ ಫೋನಿನಲ್ಲಿ ಆ ಮನೆಯ ಹಳೆಯ ಚಿತ್ರ ತೆರೆದು ಉಂಗುರ ಒತ್ತುತ್ತಾ ಚಿತ್ರದೊಳಗಿನ ಜಗುಲಿಗೆ ಹೋದ. "ಮೀಟರ್ ಪೆಟಗಿ... ಕರೆಂಟ್ ಮೀಟರಿನ ಆರ್‌ಆರ್ ನಂಬರ್ ಹೇಳೋ! ಅದರಿಂದ ಮನಿ ಹುಡುಕ್ತಾರ!" ದಿಲಾವರ ಅಕ್ಷರ ಅಕ್ಷರವಾಗಿ ಓದತೊಡಗಿದ.

ಗೋಣೆಪ್ಪ ಕೊರಡು ಎತ್ತಿ ಶಾಕೀರಾಳ ಕಡೆ ತಿರುಗಿದ. ಅವಳು ಅಲುಗುತ್ತಿರಲಿಲ್ಲ. ನಾನು ಟಿವಿಯ ಮುಂದೆ ಹೋಗಿ ನಿಂತು, ಮನೆಯ ಹೊರಗೂ ಕೇಳುವಂತೆ ಕೂಗಿದೆ.

"ಏ ಗೋಣೆಪ್ಪಾ! ನಾವು ನೋಡಾಕತ್ತೇವಿ!"

ಅವನು ಬೆಚ್ಚಿದ. ಬಂದು ಫೋನು ಎತ್ತಿಕೊಂಡ. ಬೆವರಿದ ಮುಖ ಟಿವಿಯ ತುಂಬ ತುಂಬಿತು. "ಯಾವಾಕಿಬೇ ನೀ ಮುದುಕಿ?"

ಅವನ ಭುಜದ ಹಿಂದೆ, ಅವನು ದಾನೀ ಎಂದು ಕರೆದಿದ್ದ ಹೆಂಡತಿ ದಾನವ್ವ ಎದ್ದಳು. ಕೋಣೆಯೊಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ತಾಮ್ರದ ಕೊಡವಿತ್ತು. ನಾನು ನನ್ನ ಕಣ್ಣನ್ನು ಅವನ ಕಣ್ಣಿನಿಂದ ಕದಲಿಸಲಿಲ್ಲ.

"ನಾ ಸವಣೂರಾಕಿಪಾ. ನಿಂದ್ಯಾವೂರು?"

"ಹಿರೇಕೆರೂರ ಕಡೆ. ಏನೀಗ? ಬಂದು ಬಿಡಸ್ತಿಯೇನು?"

"ಯಾರ ಪೈಕಿ? ನಿಮ್ಮವ್ವ ಅದಾಳೇನು ಊರಾಗ?"

ಅವ್ವನ ಹೆಸರಿಗೆ ಅವನು ಒಂದು ಗಳಿಗೆ ತಡೆದ. ಕೊಡ ಬಂದು ತಲೆಗೆ ಬಡಿಯಿತು. ಮುಖ ಕೆಳಗೆ ಜಾರಿ, ಟಿವಿಯಲ್ಲಿ ಆಕಾಶವಷ್ಟೇ ಉಳಿಯಿತು. ಆಮೇಲೆ ಕೇಳಿದ್ದು ಶಬ್ದ ಮಾತ್ರ. ತಾಮ್ರ ಬಡಿಯುವುದು, ನೀರು ಚೆಲ್ಲುವುದು, ಮತ್ತೆ ತಾಮ್ರ.

"ಸಾಕು ದಾನವ್ವಾ" ಎಂದೆ. ನಿಲ್ಲಲಿಲ್ಲ. "ಸಾಕು ನನ್ನವ್ವಾ. ಆ ಹುಡುಗಿನ್ನ ನೋಡು, ಉಸಿರೈತೇನು ನೋಡು."

ಶಬ್ದ ನಿಂತಿತು. "ಐತ್ರಿ" ಎಂದಳು.

ಫೋನನ್ನು ಎತ್ತಿ ಕಲ್ಲಿನ ಮೇಲಿಡಲು ಹೇಳಿದೆ. ಅವಳು ಸೆರಗು ಹರಿದು ಶಾಕೀರಾಳ ತಲೆಗೆ ಬಿಗಿದಳು. ಕೊಡದಲ್ಲಿ ಉಳಿದ ನೀರನ್ನು ಬೊಗಸೆಯಲ್ಲಿ ತೆಗೆದು ಅವಳ ತುಟಿಗೆ ಮುಟ್ಟಿಸಿದಳು. ಶಾಕೀರಾ ನುಂಗಿದಳು, ಕಣ್ಣು ತೆರೆದು ಫೋನಿನ ಕಡೆ ನೋಡಿದಳು.

ನೆಲದಲ್ಲಿ ಗೋಣೆಪ್ಪ ನರಳಿದ. "ನೀರ... ದಾನೀ, ನೀರ."

ದಾನವ್ವ ನನ್ನನ್ನು ನೋಡಿದಳು. ಅವಳು ಬಾಗಿಲಿನ ತಂತಿ ತಂದು ಅವನ ಎರಡೂ ಕೈಗಳನ್ನು ಹಿಂದಕ್ಕೆ ಎಳೆದು, ಚರ್ಮಕ್ಕೆ ಇಳಿಯುವಷ್ಟು ಬಿಗಿಯಾಗಿ ಸುತ್ತಿದಳು. ಆಮೇಲೆ ಅವನ ಬಾಯಿಗೂ ಒಂದು ಬೊಗಸೆ ನೀರು ಬಿಟ್ಟಳು.

"ಪೊಲೀಸರು ಹೊಂಟಾರಂತ್ರಿ ಕಾಕಿ, ಮನಿ ಸಿಕ್ಕೈತಿ" ಎಂದು ದಿಲಾವರ ಪಿಸುಗುಟ್ಟಿದ. ರುದ್ರೇಶ ಗೋಡೆಗೆ ಮುಖ ಮಾಡಿ ಅಳುತ್ತಿದ್ದ.

"ದಾನವ್ವಾ" ಎಂದೆ, "ಕೊಡದಾಗ ಇನ್ನೂ ನೀರೈತೇನು?"

"ಒಂದೀಟ ಐತ್ರಿ."

"ನೀನೂ ಕುಡಿ."

ಅವಳು ನೆಗ್ಗಿದ ಕೊಡವನ್ನು ಎರಡೂ ಕೈಯಲ್ಲಿ ಎತ್ತಿ, ಸೀಳಿದ ತುಟಿಗೆ ತಾಗದಂತೆ ಮೇಲಿನಿಂದ ಬಾಯಿಗೆ ಸುರಿದುಕೊಂಡಳು.