ಬಿಲ್ಲೆ ಇಡುವ ಜಾಗ

ಹೊಂಬಳದ ಸಾವಂತ್ರೆವ್ವ ಹಾಡಲು ನಿಂತರೆ ಓಣಿಯ ಹೆಂಗಸರು ಒಲೆ ಮೇಲಿನ ಹಾಲು ಮರೆತು ಬರುತ್ತಿದ್ದರು. ಅಂಥವಳು ಚೊಚ್ಚಲ ಹೆರಿಗೆಯಾದ ಮೇಲೆ ಬಾಯಿಗೆ ಬೀಗ ಹಾಕಿಕೊಂಡಳು. ಕೆಮ್ಮಿದರೆ, ನಕ್ಕರೆ, ದನಿ ಏರಿಸಿದರೆ ಸೀರೆ ಒದ್ದೆಯಾಗುತ್ತಿತ್ತು. ಕೆಳಗೆಲ್ಲ ಜೋಮು ಹಿಡಿದಂತೆ, ಮುಟ್ಟಿದರೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಗಂಡ ಹೊಳೆಯಪ್ಪ ಹತ್ತಿರ ಬಂದರೆ ಗೋಡೆಯ ಕಡೆ ಹೊರಳುತ್ತಿದ್ದಳು. ಇವಳಿಗೆ ನನ್ನ ಮೇಲೆ ಮುನಿಸೇನೋ ಎಂದು ಆ ಪುಣ್ಯಾತ್ಮ ಒಳಗೊಳಗೇ ಕೊರಗುತ್ತಿದ್ದ.

ಅದು ಕನ್ನಡ ನಾಡು ಒಂದಾಗುವ ವರ್ಷ. ನವೆಂಬರಿನಲ್ಲಿ ಗದಗಿನಲ್ಲಿ ಮೆರವಣಿಗೆ, ಹೊಂಬಳದ ಹೆಂಗಸರ ಹಾಡಿಗೆ ಸಾವಂತ್ರೆವ್ವನೇ ಮುಂದು ಎಂದು ಊರವರು ಗೊತ್ತು ಮಾಡಿದ್ದರು. ಇವಳು ಒಲ್ಲೆ ಎಂದಳು. ಯಾಕೆ ಎಂದು ಹೊಳೆಯಪ್ಪ ಬೆನ್ನುಹತ್ತಿ ಕೇಳಿದಾಗ ಅತ್ತು ಎಲ್ಲ ಹೇಳಿಬಿಟ್ಟಳು. ಅವನು ಬಯ್ಯಲಿಲ್ಲ, ಬಂಡಿ ಹೂಡಿದ.

ಗದಗಿನ ದವಾಖಾನೆಗೆ ಅತ್ತೆ ಶಂಕ್ರೆವ್ವನೂ ಬಂದಳು. ಡಾಕ್ಟರಬಾಯಿ ಪರೀಕ್ಷೆ ಮಾಡಿ, ಹೆರಿಗೆಯಲ್ಲಿ ಕೆಳಗಿನ ನರ ಜಗ್ಗಿ ಸ್ನಾಯು ಸಡಿಲಾಗಿದೆ, ಬ್ಯಾಟರಿ ಪೆಟ್ಟಿಗೆಯಿಂದ ಸಣ್ಣ ಕರೆಂಟ್ ಕೊಟ್ಟು ಎಚ್ಚರಿಸಬಹುದು ಎಂದರು. ಸೊಸೆಯನ್ನು ಸುಟ್ಟುಬಿಡುತ್ತಾರೆ ಎಂದು ಶಂಕ್ರೆವ್ವ ರಂಪ ಮಾಡಿದಳು. ನರ್ಸ್ ಹನಮಂತವ್ವ ನಗುತ್ತಲೇ ಪೆಟ್ಟಿಗೆಯ ಲೋಹದ ಬಿಲ್ಲೆಗಳನ್ನು ಮುದುಕಿಯ ಮುಂಗೈಗೆ ಇಟ್ಟು ಸಣ್ಣಗೆ ಕರೆಂಟ್ ಬಿಟ್ಟಳು. ಬೆರಳು ತಾನಾಗಿ ಕುಣಿಯಿತು. ಸುಟ್ಟಿಲ್ಲವಲ್ಲ ಎಂದು ಮುದುಕಿ ಮುಂಗೈ ತಿರುಗಿಸಿ ನೋಡಿಕೊಂಡಳು.

ಮುಂದಿನ ವಾರ ಕರೆಂಟ್ ಕೊಡುವ ದಿನ. ಬಾಣಂತಿಗೆ ಎಣ್ಣೆ ಉಜ್ಜುವುದರಲ್ಲಿ ಶಂಕ್ರೆವ್ವನ ಕೈ ಎತ್ತಿದ ಕೈ. ಕರೆಂಟ್ ಕಚ್ಚಬಾರದೆಂದು ಸೊಸೆಗೆ ಸೊಂಟದಿಂದ ಕೆಳಗೆ ಔಡಲೆಣ್ಣೆ ಬಳಿದು ಕರೆತಂದಳು. ಸೊಸೆಯೇನು ಕಡಿಮೆಯೇ? ಡಾಕ್ಟರಬಾಯಿ ತೋರಿಸಿದ ಜಾಗಕ್ಕೆ ಬಿಲ್ಲೆ ಇಟ್ಟು ಹನಮಂತವ್ವ ಪೆಟ್ಟಿಗೆಯ ಕಡೆ ತಿರುಗಿದಾಗ ನಾಚಿಕೆಯಿಂದ ಬಿಲ್ಲೆಯನ್ನು ಮೆಲ್ಲಗೆ ತೊಡೆಗೆ ಸರಿಸಿಕೊಂಡಳು. ಕರೆಂಟ್ ಬಂತು. ಎಣ್ಣೆ ಮೆತ್ತಿದಲ್ಲಿ ಸೂಜಿ ಚುಚ್ಚಿದ ಹಾಗಾಯಿತು. ಕಾಲು ಚಿಮ್ಮಿ ನೀರಿನ ಬಕೀಟು ಉರುಳಿತು. ಶಂಕ್ರೆವ್ವ ಸೊಸೆಯ ಕೈ ಹಿಡಿದು ಹೊರಟೇಬಿಟ್ಟಳು. ಇನ್ನು ಹಾಡೂ ಇಲ್ಲ, ಗಂಡನ ಜೊತೆ ನಗುವೂ ಇಲ್ಲ ಎಂದು ಸಾವಂತ್ರೆವ್ವನ ಕಣ್ಣು ತುಂಬಿ ಬಂತು.

ಹನಮಂತವ್ವ ಬಾಗಿಲಿಗೆ ಅಡ್ಡ ನಿಂತಳು. "ತಂಗಿ, ಎಲ್ಲಿ ತಿಳೀತು ಖರೆ ಹೇಳು. ನಾಚಬ್ಯಾಡ."

"ತೊಡಿಗ್ರಿ. ನಾನ ಸರಿಸಿದ್ನಿರಿ."

"ಮತ್ತ ತೊಡಿನ ಕುಣೀತೈತಿ. ಹೊಲದಾಗ ಯಾವ ಮಡಿಗೆ ನೀರು ಬಿಡ್ತೀವೋ ಅದ ಮಡಿ ಹಸಿ ಆಗತೈತಿ, ಹೌದಿಲ್ಲೋ? ಯವ್ವಾ, ನಿಮ್ಮ ಎಣ್ಣಿ ಕರೆಂಟಿಗೆ ದಾರಿ ಕೊಡೂದಿಲ್ಲ. ಸಂದಿ ಸಿಕ್ಕಲ್ಲೇ ನುಗ್ಗಿ ಚುಚ್ಚತೈತಿ."

ಬಿಸಿನೀರು, ಸಾಬೂನಿನಿಂದ ಎಣ್ಣೆ ತೊಳೆದರು. ಉಪ್ಪುನೀರಲ್ಲಿ ಅದ್ದಿದ ಬಟ್ಟೆಯ ಮೇಲೆ ದೊಡ್ಡ ಬಿಲ್ಲೆ ಟೊಂಕದ ಕೆಳಗೆ, ಚಿಕ್ಕದು ಡಾಕ್ಟರಬಾಯಿ ತೋರಿಸಿದ ಜಾಗಕ್ಕೆ. ಕರೆಂಟ್ ನಿಧಾನ ಏರಿಸಿದರು. ಮೊದಲು ಇರುವೆ ಹರಿದ ಹಾಗೆ ಜುಮುಜುಮು. ಆಮೇಲೆ ಸಾವಂತ್ರೆವ್ವನ ಮುಖ ಅರಳಿತು.

"ಅಕ್ಕಾರ, ಒಳಗ ಬಿಗಿ ಹಿಡೀತ್ರಿ. ಒಂದಕ್ಕ ತಡಕೊಂಡಂಗ."

"ಅದ ನೋಡು ಜಾಗಾ."

ಒಂದೇ ದಿನಕ್ಕೆ ವಾಸಿಯಾಗಲಿಲ್ಲ. ಮಳೆಗಾಲವಿಡೀ ಬಂಡಿ ಓಡಾಡಿತು. ಮನೆಯಲ್ಲಿಯೂ ಹಾಗೇ ಬಿಗಿಹಿಡಿದು ಬಿಡುವುದನ್ನು ಹನಮಂತವ್ವ ಕಲಿಸಿದ್ದಳು, ಸಾವಂತ್ರೆವ್ವ ರೊಟ್ಟಿ ಬಡಿಯುತ್ತಲೇ ಮಾಡುತ್ತಿದ್ದಳು. ಜೋಮು ಇಳಿಯಿತು. ಈಗ ಗೋಡೆಯ ಕಡೆ ಹೊರಳುವವರಿಲ್ಲ. ಹೊಳೆಯಪ್ಪ ಎತ್ತಿಗೆ ಮೇವು ಹಾಕುವಾಗಲೂ ಸಿಳ್ಳೆ ಹೊಡೆಯುತ್ತಿದ್ದ.

ಮೆರವಣಿಗೆಯ ದಿನ ಸಾವಂತ್ರೆವ್ವ ಎಲ್ಲರಿಗಿಂತ ಮುಂದೆ ನಡೆದು ದನಿ ಎತ್ತಿ ಹಾಡಿದಳು. ಸೀರೆ ಒಣಗಿಯೇ ಇತ್ತು. ಜನರ ನಡುವೆ ಗಂಡನನ್ನು ಕಂಡು ಗಟ್ಟಿಯಾಗಿ ನಕ್ಕಳು.

ಊರಿಗೆ ಮರಳುವಾಗ ಬಂಡಿಯಲ್ಲಿ ಶಂಕ್ರೆವ್ವ ಸೊಸೆಯ ಕಿವಿಯ ಹತ್ತಿರ ಬಂದಳು.

"ಸಾವಂತ್ರೀ, ಮುಂದಿನ ವಾರ ನನ್ನೂ ಕರಕೊಂಡು ಹೋಗವಾ. ನಿನ್ನ ಗಂಡ ಹುಟ್ಟಿದಾಗಿಂದ ನಂದೂ ಇದ ಗತಿ. ಎಣ್ಣಿ ಹಚ್ಚೂದಿಲ್ಲ, ಆಣಿ ಮಾಡ್ತೀನಿ."

ಅಕ್ಕ ತಂಗಿಯರೇ, ನಿಮ್ಮ ಮನೆಯ ಶಂಕ್ರೆವ್ವ ಎಷ್ಟು ವರ್ಷದಿಂದ ಸುಮ್ಮನಿದ್ದಾಳೋ, ಇವತ್ತೇ ಕೇಳಿ. ಡಾಕ್ಟರ ಹತ್ತಿರ ಹೋಗಿ. ಬಸುರಿಯಾಗಿದ್ದರೆ, ಗಾಯವಿದ್ದರೆ, ಹೃದಯದ ತೊಂದರೆಯಿದ್ದರೆ ಮೊದಲೇ ಹೇಳಿ. ಮನೆಯ ಕರೆಂಟಿನ ತಂತಿಯನ್ನು ಮೈಗೆ ಎಂದೂ ತಾಗಿಸಬೇಡಿ, ಬಿಲ್ಲೆಯ ಜಾಗ ನೀವಾಗಿ ಬದಲಿಸಬೇಡಿ. ಎಲ್ಲಿ ಚುಚ್ಚುತ್ತದೆ, ಎಲ್ಲಿ ಬಿಗಿಯುತ್ತದೆ ಎಂದು ನಾಚದೆ ಬಾಯಿಬಿಟ್ಟು ಹೇಳಿ. ಹೇಳಿದವಳೇ ನಕ್ಕಾಳು.