ಒಂದು ಜೋಡಿ ಬಟ್ಟೆ

ಘಾಟೇ ಇರಬೇಕು, ಮತ್ತೇನು? ಅಲ್ಲದಿದ್ದರೆ? ಗುಡದಪ್ಪ ಎದೆಗೆ ಅಂಗೈ ಒತ್ತಿಕೊಂಡು ಮೆಣಸಿನಕಾಯಿ ಚೀಲಗಳ ನಡುವೆ ನಿಂತಿದ್ದ. ಬ್ಯಾಡಗಿಯಲ್ಲಿ ಹುಟ್ಟಿ ಅಪ್ಪನ ದಲಾಲಿ ಅಂಗಡಿಯಲ್ಲೇ ಬೆಳೆದವನಿಗೆ ಎದೆ ಉರಿದರೆ ಡಾಕ್ಟರ ನೆನಪಾಗುವುದಿಲ್ಲ. ಇಲ್ಲಿ ಎಲ್ಲರ ಎದೆಯೂ ಉರಿಯುತ್ತದೆ. ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡು ಮುಂದಿನ ಚೀಲ ಬಿಚ್ಚುತ್ತಾರೆ.

ಅವನಿಗೆ ಇನ್ನೊಂದು ಅನುಮಾನವೂ ಇತ್ತು, ಯಾರೆದುರೂ ಆಡುವಂಥದ್ದಲ್ಲ. ಈ ಉರಿ ಶುರುವಾಗುತ್ತಿದ್ದದ್ದು ಹೆಂಡತಿ ಉಚ್ಚಂಗೆವ್ವ ತವರಿಗೆ ಹೊರಟ ಮೇಲೆ. ಅವಳಿಗೆ ದಮ್ಮು. ಮದುವೆಯಾದ ವರ್ಷವೇ ಕಾಯಿ ಘಾಟಿಗೆ ಉಸಿರು ಕಟ್ಟಿ ಸಾಯುವಂತಾಗಿದ್ದಳು. ಅಂದಿನಿಂದ ಮೆಣಸಿನಕಾಯಿ ಹಂಗಾಮು ಶುರುವಾದರೆ ರಾಣೆಬೆನ್ನೂರಿನ ತಮ್ಮನ ಮನೆ, ಮುಂಗಾರು ಬಿದ್ದರೆ ವಾಪಸು. ಇಪ್ಪತ್ತೆಂಟು ವರ್ಷ ಹೀಗೇ ನಡೆಯಿತು. ಮಕ್ಕಳಾಗಲಿಲ್ಲ.

ಹಂಗಾಮಿನಲ್ಲಿ ಪ್ರತಿ ರವಿವಾರ ಅವನು ಎರಡು ಸಲ ಜಳಕ ಮಾಡಿ ಅವಳನ್ನು ನೋಡಲು ಬಸ್ಸು ಹತ್ತುತ್ತಿದ್ದ. ಆದರೂ ಅಂಗಿಯಲ್ಲಿ ಘಾಟು ಕೂತಿರುತ್ತಿತ್ತು. ಅದಕ್ಕೇ ಪ್ರತಿವರ್ಷ ಅವಳು ತನ್ನ ಟ್ರಂಕಿನಲ್ಲಿ ಅವನದೊಂದು ಜೋಡಿ ಬಟ್ಟೆ ಒಯ್ಯುತ್ತಿದ್ದಳು. ಹಿತ್ತಲಲ್ಲಿ ಅದನ್ನು ಉಟ್ಟ ಮೇಲೆಯೇ ಅವನಿಗೆ ಒಳಗೆ ಪ್ರವೇಶ.

"ಮಾವ ಬಂದ, ಹಿತ್ತಲ ಬಾಗಲಾ ತಗೀರಿ!" ಎಂದು ಅವಳ ತಮ್ಮ ಹೊಳಿಯಪ್ಪ ಕೂಗುತ್ತಿದ್ದ. "ಲಗೂ ಬಟ್ಟಿ ಕೊಡ ಅಕ್ಕಾ, ಇಲ್ಲಾಂದ್ರ ನೀ ಸೀನಿದ ಹೊಡತಕ್ಕ ಮಾವ ಬ್ಯಾಡಗಿಗೇ ಹಾರಿ ಹೋಗ್ತಾನ."

ಇಪ್ಪತ್ತೆಂಟನೆಯ ವರ್ಷವೂ ಮಳೆ ಬಿತ್ತು, ಪೇಟೆಯ ಕಟ್ಟೆಗಳ ಮೇಲಿನ ಕಾಯಿಪುಡಿ ತೊಳೆದುಹೋಯಿತು, ಅವಳು ಬಂದಳು. ಉರಿ ಮಾತ್ರ ಹೋಗಲಿಲ್ಲ.

"ಘಾಟ ಹೋಗಿ ತಿಂಗಳಾತು. ಇದೇನ್ರಿ ಇದು?" ಎಂದಳು ಉಚ್ಚಂಗೆವ್ವ, ಪಡಸಾಲೆಯಲ್ಲಿ ಬೆವೆತು ಕೂತವನ ಬೆನ್ನು ಸವರುತ್ತ.

ಹುಬ್ಬಳ್ಳಿಯಲ್ಲಿ ಪರೀಕ್ಷೆ ಮಾಡಿ ಮದ್ರಾಸಿಗೆ ಕಳಿಸಿದರು. ಅಲ್ಲಿನ ಡಾಕ್ಟರು ಗದಗಿನ ಕಡೆಯವರೇ ಆಗಿದ್ದದ್ದು ಪುಣ್ಯ.

"ರಕ್ತನಾಳ ದಾರದಂಗ ಸಣ್ಣ ಆಗ್ಯಾವ್ರಿ. ಬೈಪಾಸ್ ಹೊಲ್ಯಾಕ ಜಾಗಾನ ಇಲ್ಲ. ಈಗ ಲೇಸರ್ ಅಂತ ಹೊಸಾದು ಬಂದೈತಿ. ಹೃದಯದ ಗೋಡಿಗೆ ಇಪ್ಪತ್ತು-ಮೂವತ್ತು ಸಣ್ಣ ತೂತು ಹಾಕ್ತೀವಿ. ಹೊರಗಿನ ಬಾಯಿಗೆ ಬೆರಳ ಒತ್ತಿ ಹಿಡದ್ರ ಮುಚ್ಚಿಕೊಂತೈತಿ. ಒಳಗಿನ ಬಾಯಿ ತಗದ ಇರತೈತಿ, ಅದರಾಗಿಂದ ಗೋಡಿಗೆ ರಕ್ತ ಸಿಗತೈತಿ. ನೋವು ಕಡಿಮಿ ಆಗಬಹುದು. ಖಾತ್ರಿ ಕೊಡಾಂಗಿಲ್ಲ. ಟೇಬಲ್ ಮ್ಯಾಲೇ ಜೀವ ಹೋದವರೂ ಅದಾರ."

ಉಚ್ಚಂಗೆವ್ವ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. ಎದೆಯ ಕೂದಲು ಬೋಳಿಸಿಕೊಂಡು ಮಲಗಿದ್ದ ಗುಡದಪ್ಪ ಅವಳ ಬೆರಳಿನ ನೀಲಿ ಶಾಯಿಯನ್ನೇ ನೋಡುತ್ತಿದ್ದ. ಇಪ್ಪತ್ತೆಂಟು ವರ್ಷದಲ್ಲಿ ಅರ್ಧ ಅವಳಿಲ್ಲದೆ ಹೋಯಿತು. ಎದ್ದು ಬಂದರೆ ಹೇಳಬೇಕು. ಅಂಗಡಿ ಯಾರಾದರೂ ನೋಡಿಕೊಳ್ಳಲಿ, ಈ ಸಲ ನಾನೂ ನಿನ್ನ ಜೊತೆ ರಾಣೆಬೆನ್ನೂರಿಗೆ ಬರುತ್ತೇನೆ, ಹಂಗಾಮು ಮುಗಿಯುವ ತನಕ ಅಲ್ಲೇ ಇರುತ್ತೇನೆ. ಗಾಲಿ ಮಂಚ ಉರುಳುವಾಗ ಬಾಯಿ ತೆರೆದ.

"ನೀರು ಬೇಕೇನ್ರಿ?" ಎಂದಳು. "ಕೊಡಬಾರದಂತ."

ಅವನು ಬಾಯಿ ಮುಚ್ಚಿದ.

ಎದ್ದು ಬಂದ. ದಸರೆಯ ಹೊತ್ತಿಗೆ ಮನೆಯಿಂದ ಪೇಟೆಯ ತನಕ ಎಲ್ಲೂ ನಿಲ್ಲದೆ ನಡೆಯುವಂತಾದ. ದೀಪಾವಳಿ ದಾಟಿತು. ಹೇಳಲು ದಿನಗಳೇನೂ ಕಡಿಮೆ ಇರಲಿಲ್ಲ. ಸಂಜೆ ಅವಳು ಎಲೆ ಮಡಿಸಿ ಕೊಡುತ್ತಿದ್ದಳು, ಅವನು ಜಗಿಯುತ್ತಿದ್ದ. ಮಾತು ನಾಳೆಗೆ ಉಳಿಯುತ್ತಿತ್ತು.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಮೊದಲ ಗಾಡಿಗಳ ಕೆಂಪು ವಾಸನೆ ಓಣಿಗೆ ಬಂತು. ಉಚ್ಚಂಗೆವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಟ್ರಂಕು ತೆರೆದಳು. ತನ್ನ ಸೀರೆಗಳನ್ನು ಒಂದು ಬದಿಗೆ ಒತ್ತಿ ಇನ್ನೊಂದು ಬದಿ ಖಾಲಿ ಬಿಟ್ಟಿದ್ದಳು. ಅವನ ಧೋತರ, ಅಂಗಿ ಎಲ್ಲ ಒಗೆದು ಮಡಿಸಿ ಪಕ್ಕದಲ್ಲೇ ಇಟ್ಟಿದ್ದಳು.

"ನಿಮ್ಮ ಬಟ್ಟಿ ಎಷ್ಟ ಜೋಡಿ ಇಡಲಿ?"

ಇಷ್ಟು ವರ್ಷದಲ್ಲಿ ಅವಳು ಹಾಗೆ ಕೇಳಿದ್ದೇ ಇಲ್ಲ. ತಲೆ ಎತ್ತದೆ ಕಾಯುತ್ತಿದ್ದಳು. ಹೊರಗಿನಿಂದ ಹಮಾಲ ಮೈಲಪ್ಪ ಕೂಗಿದ, "ಧಣ್ಯಾರ, ಗಾಡಿ ಬಂದ್ವು, ಬರ್ರಿ!"

"ಒಂದ ಸಾಕು," ಎಂದ ಗುಡದಪ್ಪ.

ಅವಳು ಒಂದು ಜೋಡಿ ಇಟ್ಟಳು. ಉಳಿದವನ್ನು ಗೂಟಕ್ಕೆ ಹಾಕಿ, ಖಾಲಿ ಜಾಗಕ್ಕೆ ಸೀರೆಗಳನ್ನು ಸರಿಸಿ ಟ್ರಂಕು ಮುಚ್ಚಿದಳು. ಅವನೇ ಅದನ್ನು ಎತ್ತಲು ಹೋದ. "ಭಾರ ಎತ್ತಬ್ಯಾಡ್ರಿ," ಎಂದು ಕೈ ಹಿಡಿದು ಬಿಡಿಸಿದಳು.

ಬಸ್ಸು ಹೋದ ಮೇಲೆ ಅವನು ಅಂಗಡಿಗೆ ನಡೆದ. ಎದೆ ಉರಿಯಲಿಲ್ಲ.

ನಾನೂ ಬರ್ತೇನಿ ಎಂದು ಅವನು ಅವಳಿಗೆ ಹೇಳಲೇ ಇಲ್ಲ.