ಹುಲಿಗುಂಡಿ ಮಡುವಿನ ಸಂಬಂಧ

ಮೀನು ಮುಟ್ಟದ ಮನೆಯಲ್ಲಿ ಹುಟ್ಟಿದವಳು ಮೀನಿನ ಕುಲ ಹುಡುಕಿಕೊಂಡು ಹೊಳೆಹೊಳೆ ತಿರುಗುತ್ತಾಳೆ ಎಂದು ಮಂಚಿಕೇರಿಯಲ್ಲಿ ನನ್ನನ್ನು ನೋಡಿ ನಗುವವರಿಗೆ ಬರವಿಲ್ಲ. ನಗಲಿ. ಶಿರಸಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವ ನಮಿತಾ ಹೆಗಡೆಗೆ ಊರವರ ಬಾಯಿ ಮುಚ್ಚಿಸುವುದಕ್ಕಿಂತ ದೊಡ್ಡ ಕೆಲಸ ಬೇಕಾದಷ್ಟಿದೆ. ಮಹಶೀರ್ ಮೀನಿನ ರೆಕ್ಕೆಯ ತುದಿಯಿಂದ ಉಗುರಿನಷ್ಟು ಚೂರು ಕತ್ತರಿಸಿ, ಮೀನನ್ನು ನೀರಿಗೇ ಬಿಟ್ಟು, ಆ ಚೂರಿನಿಂದ ಅದರ ವಂಶಾವಳಿ ಓದುವುದು ನನ್ನ ಕೆಲಸ. ಯಾವ ಮೀನು ಯಾವುದಕ್ಕೆ ಅಕ್ಕ, ಯಾವುದು ದೂರದ ನೆಂಟ ಎಂದು ಹೇಳಬಲ್ಲೆ. ನಮ್ಮ ದೊಡ್ಡಪ್ಪನಿಗೆ ಊರ ಮನೆಗಳ ಬಗ್ಗೆ ಎಷ್ಟು ಗೊತ್ತೋ ನನಗೆ ಮೀನುಗಳ ಬಗ್ಗೆ ಅಷ್ಟು ಗೊತ್ತು.

ದೊಡ್ಡಪ್ಪ ವಿಘ್ನೇಶ್ವರ ಹೆಗಡೆಯೆಂದರೆ ನಮ್ಮ ಸೀಮೆಗೆ ಮದುವೆ ಸಂಬಂಧಗಳ ಸುಪ್ರೀಂ ಕೋರ್ಟು. ಗೋತ್ರ ಕೇಳಿ, ಅಜ್ಜನ ಅಜ್ಜ ಯಾವ ಊರಿನಿಂದ ಬಂದವನೆಂದು ಹೇಳಿ, 'ಇದು ಆಗ್ತಿಲ್ಲೆ' ಎಂದರೆ ಮುಗಿಯಿತು. ಹುಡುಗ ಕಲೆಕ್ಟರ್ ಆಗಿದ್ದರೂ ಅಷ್ಟೆ. ಹುಲಿಗುಂಡಿ ಮಡುವಿನ ಸಮಿತಿಗೂ ಅವನೇ ಹಿರಿಯ. ಆ ಮಡುವಿನಲ್ಲಿ ಬಲೆ ಹಾಕುವಂತಿಲ್ಲ, ಗಾಳ ಇಳಿಸುವಂತಿಲ್ಲ. ದಿನಾ ಮೀನು ತಿನ್ನುವವರೂ ಅಲ್ಲಿಯ ಮೀನಿಗೆ ಕೈಮುಗಿಯುತ್ತಾರೆ. ಊರಲ್ಲಿ ಯಾರ ಮನೆಯಲ್ಲಿ ಶುಭಕಾರ್ಯವಾದರೂ ಮೊದಲ ಹಿಡಿ ಅನ್ನ ಮಡುವಿಗೇ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ದೊಡ್ಡಪ್ಪನ ಸೊಸೆ ಪರಿಮಳಾ ಫೋನ್ ಮಾಡಿದಳು.

"ನಮಿತಕ್ಕಾ, ಬೇಗ ಬಾ. ಮಾವ ಎಲ್ಲಿಂದನೋ ಮೀನ್ ಮರಿ ತರ್ಸಿದ್ದ. ಟೆಂಪೋ ಬಂದು ನಿಂತಿದ್ದು. ಪೂಜೆ ಮುಗಿಸಿ ಮಡುವಿಗೆ ಬಿಡ್ತ್ನಡ."

ಹೋದ ವರ್ಷ ಅವಳ ಮಗಳು ಅಭಿಜ್ಞಾ ಜ್ವರದಿಂದ ಆಸ್ಪತ್ರೆ ಸೇರಿದ್ದಾಗ, ಮೊಮ್ಮಗಳು ಉಳಿದರೆ ಮಡುವಿಗೆ ಸಾವಿರ ಮರಿ ಬಿಡುತ್ತೇನೆಂದು ದೊಡ್ಡಪ್ಪ ಹರಕೆ ಹೊತ್ತಿದ್ದನಂತೆ. ಮಗು ಉಳಿಯಿತು. ಹರಕೆಯ ಸುದ್ದಿ ನನಗೆ ಆ ಬೆಳಿಗ್ಗೆಯೇ ತಿಳಿದದ್ದು. ಕ್ಲಾಸು ಬಿಟ್ಟು ಸ್ಕೂಟರ್ ಹತ್ತಿದೆ.

ದಾರಿಯುದ್ದಕ್ಕೂ ಒಂದೇ ಭಯ. ಈ ಹೊಳೆಯ ಮೀನಿಗೆ ಈ ಹೊಳೆ ಗೊತ್ತು. ಯಾವ ಮಳೆಗೆ ಮೇಲೇರಬೇಕು, ಎಂಥ ಕಲ್ಲಿನ ಮೇಲೆ ಮೊಟ್ಟೆಯಿಡಬೇಕು ಎಂಬುದೆಲ್ಲ ಎಷ್ಟೋ ತಲೆಮಾರಿನಿಂದ ರಕ್ತದಲ್ಲಿ ಇಳಿದು ಬಂದದ್ದು. ಬೇರೆ ಹೊಳೆಯ ಸಾಕುಮರಿಗಳು ಬೆರೆತರೆ ಆ ಗುಣ ಕಲಸಿಹೋಗುತ್ತದೆ. ಒಮ್ಮೆ ಬಿಟ್ಟ ಮೇಲೆ ಹಿಂದೆ ತೆಗೆಯುವ ಮಾತಿಲ್ಲ. ಹಾಲಿಗೆ ಬಿದ್ದ ಹುಳಿಯನ್ನು ಹೆಕ್ಕಿ ತೆಗೆದವರುಂಟೇ?

ಹೊಳೆಯ ದಡದಲ್ಲಿ ಅರ್ಧ ಊರು ಸೇರಿತ್ತು. ದೊಡ್ಡಪ್ಪ ಒದ್ದೆ ಪಂಚೆಯಲ್ಲಿ ಮೊಣಕಾಲು ನೀರಿನಲ್ಲಿ ನಿಂತಿದ್ದ. ಪಕ್ಕದ ನೀಲಿ ಡ್ರಮ್ಮುಗಳಲ್ಲಿ ಮರಿಗಳು ಪಟಪಟ ಎನ್ನುತ್ತಿದ್ದವು.

"ದೊಡ್ಡಪ್ಪಾ, ಬಿಡಡ, ನಿಲ್ಸು!" ಸ್ಕೂಟರ್ ನಿಲ್ಲಿಸುವ ಮೊದಲೇ ಕೂಗಿದೆ.

"ಕೂಗಡ ಕೂಸೆ. ಮಂತ್ರ ಮುಗದ್ದಿಲ್ಲೆ."

"ಆ ಮರಿ ಬೇರೆ ಹೊಳೇದು!"

"ಅದಕ್ಕೇ ತರ್ಸಿದ್ದು," ಎಂದ, ಪಾಠ ಹೇಳುವವನ ಹಾಗೆ. "ಈ ಮಡುವಿನ ಮೀನು ತಮ್ಮತಮ್ಮಲ್ಲೇ ಮದುವೆ ಆಗಿ ಆಗಿ ಎಲ್ಲ ಸಗೋತ್ರ ಆಗೋಜು. ಹೊರಗಿಂದ ಹೆಣ್ಣು ತಂದ್ರೇ ವಂಶ ಬೆಳೀತು. ಗೋತ್ರದ ವಿಷ್ಯ ನೀ ಯಂಗೆ ಹೇಳಿಕೊಡಡ."

ಆಚೆ ದಡದ ಗದ್ದೆಯ ಬೈರ, ಅವನೂ ಸಮಿತಿಯವನೇ, ತಲೆಯಾಡಿಸಿದ. "ಹೆಗಡೇರು ಹೇಳೂದು ಖರೇ ಅದೆ. ನಿಮ್ಗೆ ಗೋತ್ರ ಇದ್ದಾಂಗೆ ನಮ್ಗೆ ಬಳಿ. ನಾವೂ ಒಂದೇ ಬಳಿಯೊಳಗೆ ಹೆಣ್ಣು ತರೂದಿಲ್ಲ."

ನನಗೆ ಮೈಯೆಲ್ಲ ಉರಿಯಿತು. ದೊಡ್ಡಪ್ಪ ಪೂರ್ತಿ ತಪ್ಪು ಹೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಅವನು ಅರ್ಧ ಸರಿ ಹೇಳಿದ್ದ. ವಾದಕ್ಕೆ ನಿಂತವರಿಗೆ ಅರ್ಧ ಸರಿಯಿರುವವನಿಗಿಂತ ದೊಡ್ಡ ಪೀಡೆ ಇಲ್ಲ.

ಮರಿ ತಂದವನು ದರ್ಶನ ಎಂಬ ಹುರುಪಿನ ಮನುಷ್ಯ, ಬಯಲುಸೀಮೆಯ ಯಾವುದೋ ಸಾಕಣೆ ಕೇಂದ್ರದವನು. ಅವನ ಕಡೆ ತಿರುಗಿದೆ. "ಈ ಮರಿಗಳ ತಾಯಿ ಎಷ್ಟು?"

"ಒಂದ ತಾಯಿ ರೀ ಮೇಡಂ," ಎಂದ ಹೆಮ್ಮೆಯಿಂದ. "ನಮ್ಮಲ್ಲೇ ಭಾರೀ ಮೀನು ಅದು. ಗಂಡೂ ಒಂದ. ಅದಕ್ಕ ಮರಿ ಎಲ್ಲಾ ಒಂದ ಸೈಜ್ ಅದಾವು, ನೋಡ್ರಿ."

"ಕೇಳಿದ್ಯ ದೊಡ್ಡಪ್ಪಾ? ಸಾವಿರವೂ ಅಣ್ಣ-ತಂಗಿ, ಅಕ್ಕ-ತಮ್ಮ. ಸಗೋತ್ರ ತಪ್ಪಿಸಲೆ ಹೋಗಿ ಒಂದೇ ಮನೆ ಮಕ್ಕಳನ್ನ ದಿಬ್ಬಣ ತಂದಿದ್ದೆ ನೀನು!"

ದಡದಲ್ಲಿ ನಗೆ ಎದ್ದಿತು. ದೊಡ್ಡಪ್ಪ ನಗಲಿಲ್ಲ. ಸಂಬಂಧದ ವಿಷಯದಲ್ಲಿ ಅವನು ಹೀಗೆ ಮೋಸಹೋದದ್ದು ಇದೇ ಮೊದಲು. ಡ್ರಮ್ಮಿನೊಳಗೆ ಬಗ್ಗಿ ನೋಡಿದ, ಗೋತ್ರ ಸುಳ್ಳು ಹೇಳಿದ ವರನನ್ನು ನೋಡುವ ಹಾಗೆ.

"ಹಂಗಾರೆ ಇದು ಬ್ಯಾಡ," ಎಂದ ಕೊನೆಗೆ. ನನಗೆ ಉಸಿರು ಬಂತು. ಆದರೆ ಅವನು ಅಲ್ಲಿಗೆ ಬಿಡುವವನಲ್ಲ. "ನೀ ಇಲ್ಲಿಯ ಮೀನಿನ ರೆಕ್ಕೆ ಕತ್ತರಿಸಿ ಒಯ್ದಿದ್ಯಲೆ, ಅದನ್ನಾದ್ರೂ ಹೇಳು. ನಮ್ಮ ಮೀನು ಸಗೋತ್ರ ಹೌದನೇ, ಅಲ್ದನೇ?"

ಇದನ್ನು ಮನೆಯಲ್ಲಿ, ಚಾ ಕುಡಿದ ಮೇಲೆ, ಅವನೊಬ್ಬನಿಗೇ ಮೆತ್ತಗೆ ಹೇಳಬೇಕೆಂದಿದ್ದೆ. ಈಗ ಊರೆಲ್ಲ ಕಿವಿ ನಿಮಿರಿಸಿತ್ತು.

"ಹಳೇ ದೊಡ್ಡ ಮೀನು ಅಲ್ಲ. ಅವುಗಳಲ್ಲಿ ಬೇಕಾದಷ್ಟು ವಂಶ ಇದ್ದು. ಈಚಿನ ಮರಿಗಳು ಮಾತ್ರ ಹೌದು. ಕೆಲವೇ ತಾಯಿಯ ಮಕ್ಕಳು."

"ಎಂತಕ್ಕೆ?"

"ಮಳೆಗಾಲದಲ್ಲಿ ಇವು ಹೊಳೆ ಏರ್ತು. ಮೇಲಿನ ಗುಂಡಿಗಳ ಮೀನಿನ ಸಂಗಡ ಸೇರ್ತು. ಅಲ್ಲೇ ಸಂಬಂಧ ಆಗ್ತು. ಈಗ ಏರಲೆ ಆಗ್ತಿಲ್ಲೆ."

"ಎಂತ ಅಡ್ಡ ಬಂಜು?"

ಉತ್ತರ ಅಲ್ಲಿದ್ದ ಎಲ್ಲರಿಗೂ ಹೊಳೆದಿತ್ತು, ಅವನೊಬ್ಬನನ್ನು ಬಿಟ್ಟು. ಮಡುವಿನ ಮೇಲ್ಗಡೆ, ಹೊಳೆಯ ತಿರುವಿನಾಚೆ ದೊಡ್ಡಪ್ಪನ ಒಡ್ಡು ಇತ್ತು. ಮೊದಲೆಲ್ಲ ಬೇಸಿಗೆಯಲ್ಲಿ ತೋಟಕ್ಕೆ ನೀರು ನಿಲ್ಲಿಸಲು ಮಣ್ಣು-ಸೊಪ್ಪಿನ ಒಡ್ಡು ಹಾಕುತ್ತಿದ್ದರು. ಮೊದಲ ದೊಡ್ಡ ಮಳೆಗೆ ಅದು ಕೊಚ್ಚಿಹೋಗುತ್ತಿತ್ತು, ಮರುವರ್ಷ ಮತ್ತೆ ಹಾಕುತ್ತಿದ್ದರು. ಕೆಲವು ವರ್ಷಗಳ ಹಿಂದೆ ದೊಡ್ಡಪ್ಪ ಬೇಸತ್ತು ಆಳೆತ್ತರದ ಕಾಂಕ್ರೀಟ್ ಗೋಡೆ ಕಟ್ಟಿಸಿದ. ಅದು ಯಾವ ಮಳೆಗೂ ಜಗ್ಗಲಿಲ್ಲ. ಅದನ್ನು ಅವನು ನೆಂಟರಿಗೆಲ್ಲ ತೋರಿಸುತ್ತಿದ್ದ.

"ನಿನ್ನ ಒಡ್ಡು," ಎಂದೆ.

ಬೈರ ಆಕಾಶ ನೋಡಿದ. ಪರಿಮಳಾ ಮಗಳ ಕೂದಲು ಸರಿಮಾಡತೊಡಗಿದಳು.

"ಇನ್ನೊಂದ್ಸಲ ಹೇಳು."

"ನಿನ್ನ ಒಡ್ಡು, ದೊಡ್ಡಪ್ಪಾ. ಅದರ ಮೇಲಿನ ಮೀನಿಗೂ ಕೆಳಗಿನ ಮೀನಿಗೂ ಕೊಟ್ಟು ತರೋ ಸಂಬಂಧ ನಿಂತುಹೋಜು."

ಇದೇ ಮಡುವಿಗೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು ಮೀನು ತೋರಿಸಿದವನು ಅವನು. ಅಪ್ಪನಿಗಿಂತ ಅವನ ಮೇಲೇ ನನಗೆ ಪ್ರೀತಿ ಹೆಚ್ಚು. ಆದರೆ ನಾನು ಹೇಳಿದ್ದು ನಿಜ. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ, ಹಾಗಾಗಿ ತಲೆ ತಗ್ಗಿಸಲಿಲ್ಲ.

ಅವನು ನೀರಿನಿಂದ ಮೇಲೆ ಬಂದ. "ಹರಕೆ ಹೊತ್ತಾಜು. ಈಗ ದೇವರಿಗೆ ಎಂತ ಹೇಳದು?"

"ಒಡ್ಡು ಒಡೆಸು. ಬರೋ ಮಳೆಗೆ ಇವು ಮೇಲೆ ಹೋಗಿ ತಾವೇ ಸಾವಿರ ಮರಿ ಮಾಡ್ತು. ಹರಕೆ ಸಂದ ಹಾಗೇ."

"ತೋಟಕ್ಕೆ ನೀರು?"

"ಹಿಂದಿನ ಹಂಗೆ ಮಣ್ಣಿನ ಒಡ್ಡು ಹಾಕು."

"ಪ್ರತಿ ವರ್ಷವ?"

"ಪ್ರತಿ ವರ್ಷ."

ದೊಡ್ಡಪ್ಪ ಮರಿಗಳನ್ನು ವಾಪಸು ಒಯ್ಯಲು ದರ್ಶನನಿಗೆ ಕೈಸನ್ನೆ ಮಾಡಿ, ಪಂಚೆ ಹಿಂಡಿಕೊಂಡು ಮನೆಯ ಕಡೆ ನಡೆದುಬಿಟ್ಟ.

ಆಮೇಲೆ ನನ್ನ ಫೋನು ಎತ್ತಲಿಲ್ಲ. ಯುಗಾದಿಗೆ ಹೋದರೆ ಬಡಿಸುವಾಗಲೂ ನನ್ನ ಮುಖ ನೋಡಲಿಲ್ಲ. 'ಮಾತಿನಲ್ಲಿ ಸ್ವಲ್ಪ ತುಪ್ಪ ಸವರಬಾರದಿತ್ತೇ' ಎಂದು ಅಪ್ಪ ಬೈದ. ಸವರುವ ಅಭ್ಯಾಸ ನನಗಿಲ್ಲ. ಬೇಸರವಾಗಿತ್ತು, ಸುಳ್ಳೇಕೆ ಹೇಳಲಿ, ಒಂದೆರಡು ಸಲ ಅತ್ತದ್ದೂ ಉಂಟು. ಆದರೂ ಅವನ ಮೇಲೆ ಧೈರ್ಯವಿತ್ತು. ಎಷ್ಟು ಸಿಟ್ಟು ಬಂದರೂ ತಿಳಿದೂ ತಿಳಿದೂ ಸಗೋತ್ರ ಮದುವೆ ಮಾಡಿಸುವವನಲ್ಲ ನಮ್ಮ ದೊಡ್ಡಪ್ಪ.

ಮೇ ಕೊನೆಯಲ್ಲಿ ಪರಿಮಳಾ ಫೋನ್ ಮಾಡಿ, ಹೊಳೆಗೆ ಕಾಂಕ್ರೀಟ್ ಒಡೆಯುವ ಮಷೀನ್ ಬಂದಿದೆ, ಮಾವ ಅಲ್ಲೇ ನಿಂತು ಒಡೆಸುತ್ತಿದ್ದಾನೆ, ಊಟಕ್ಕೂ ಬಂದಿಲ್ಲ ಎಂದಳು. ಜೂನಿನಲ್ಲಿ ಹೊಳೆಗೆ ಮೊದಲ ಕೆಂಪು ನೀರು ಬಂದ ದಿನ ದೊಡ್ಡಪ್ಪನೇ ಫೋನ್ ಮಾಡಿದ. "ಬಾ," ಎಂದು ಇಟ್ಟುಬಿಟ್ಟ.

ಹೋದೆ. ಒಡ್ಡು ಇದ್ದಲ್ಲಿ ಎರಡು ಕಡೆ ಮೋಟುಗೋಡೆ ಉಳಿದಿತ್ತು, ನಡುವೆ ನೀರು ಭೋರೆಂದು ಇಳಿಯುತ್ತಿತ್ತು. ದೊಡ್ಡಪ್ಪ ಕೊಡೆ ಹಿಡಿದು ದಡದಲ್ಲಿ ನಿಂತಿದ್ದ. ನನ್ನ ಕಡೆ ನೋಡದೆ ನೀರಿನತ್ತ ಗದ್ದ ಎತ್ತಿ ತೋರಿಸಿದ. ಮೊಳದುದ್ದದ ಮೀನೊಂದು ನೀರಿನಿಂದ ಚಿಮ್ಮಿ, ಗೋಡೆಗಳ ನಡುವೆ ಹಾದು ಮೇಲಿನ ನೀರಿಗೆ ಬಿತ್ತು. ಅದರ ಹಿಂದೆ ಇನ್ನೊಂದು.

"ಊರಿನ ಮದುವೆ ಎಲ್ಲ ಮಾಡ್ಸಿದ್ದೆ," ಎಂದ. "ಇವುಗಳ ದಿಬ್ಬಣಕ್ಕೆ ಮಾತ್ರ ನಾನೇ ಬಾಗ್ಲು ಹಾಕಿ ಕುಂತಿದ್ದೆ, ಕೂಸೆ."

ಮುಷ್ಟಿ ಬಿಚ್ಚಿದ. ಒಳಗೆ ಅರಿಸಿನ ಹಚ್ಚಿದ ಅಕ್ಷತೆ. ಏರುತ್ತಿದ್ದ ಮೀನಿನ ಮೇಲೆ ಅದನ್ನು ಎರಚಿ, ಮದುವೆಮನೆಯಲ್ಲಿ ಹಂಚುವ ಹಾಗೆ ನನ್ನ ಅಂಗೈಗೂ ನಾಲ್ಕು ಕಾಳು ಹಾಕಿದ. ಮುಂದಿನ ಮೀನು ಹಾರಿದಾಗ ನಾನೂ ಎರಚಿದೆ.